ಖುಷ್ಕಿ ಬೇಸಾಯಗಾರನೂ ಸಮಾಜದ ಹೊಣೆಯೂ

ರೈತನು ದೇಶದ ಬೆನ್ನೆಲುಬೆಂಬ ಮಾತು ಸಭೆ ಸಮಾರಂಭಗಳಲ್ಲಿ ಅಡಿಗಡಿಗೆ ಕೇಳಿಬರುವುದು ವಾಚಕರಿಗೆ ವಿದಿತವೇ ಆಗಿದೆ. ಮಾತು ದಿಟವಾದುದೇ. ಆದರೆ ದಿಟವಾದ ಮಾತೂ ಬಹುಕಾಲ ಬಾಯಿಪಾಠವಾಗಿ ನಡೆದುಬಂದರೆ ಅದರ ಅರ್ಥವನ್ನು ವಿಚಾರಿಸುವವರು ಕಡಿಮೆಯಾಗುತ್ತಾರೆ. ಬೇಸಾಯಗಾರನಿಂದ ಸಮಾಜಕ್ಕೆ ಆಗುವ ಉಪಕಾರವಾವುದು, ಆ ಉಪಕಾರವನ್ನು ಮಾಡುವುದರಲ್ಲಿ ಅವನು ಹೊರುವ ಭಾರವೆಷ್ಟು, ಆ ಭಾರದಲ್ಲಿ ಮಿಕ್ಕವರು ಪಾಲುಗೊಳ್ಳಬಹುದಾದ ಬಗೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ. ಬೇಸಾಯವು ನೂರಾರು ಬಗೆಯಾಗಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ಸ್ಪಷ್ಟವಾಗದು. ಆದುದರಿಂದ ತುಮಕೂರು, ಕೋಲಾರ, ಬೆಂಗಳೂರು, ಹಾಸನ ಮುಂತಾದ ಸೀಮೆಗಳ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿ ರಾಗಿಯನ್ನು ಬೆಳೆಯುವ ಖುಷ್ಕಿ ಬೇಸಾಯಗಾರನನ್ನೇ ಉದಾಹರಣೆಗೆ ತೆಗೆದುಕೊಂಡಿದೆ.

ಒಂದು ವರ್ಷದ ದುಡಿಮೆ.— ರೋಹಿಣಿ ಮಳೆ ಬಿದ್ದೊಡನೆ ಈ ಬೇಸಾಯಗಾರನು ಹೊಲಕ್ಕೆ ನೇಗಿಲನ್ನಾಗಲಿ ಟ್ರಾಕ್ಟರನ್ನಾಗಲಿ ಇಳಿಸುತ್ತಾನೆ. ವರ್ಷವೆಲ್ಲಾ ತಿಪ್ಪೆಯಲ್ಲಿ ಕೂಡಿಟ್ಟ ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹೊಡೆದು ಹರಡುತ್ತಾನೆ. ಎರಡು ಮೂರು ಸಾಲು ಉಳುಮೆಯಾಗಿ ಹೆಂಟೆಯೊಡೆದು ಹದವಾದ ಮೇಲೆ ಪುನರ್ವಸು ಪುಷ್ಯಗಳಲ್ಲಿ ಕೂರಿಗೆ ಹೂಡಿ ಬಿತ್ತುತ್ತಾನೆ. ಕೆಲವು ಸಾಲು ರಾಗಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲನ್ನು ಬಿಡುತ್ತಾನೆ. ಪೈರು ಮೇಲೆದ್ದ ತರುವಾಯ ಕುಂಟೆ ಹಾಯಿಸುವುದು, ಒತ್ತಾದ ಕಡೆ ಕಿತ್ತು ತೆಳುವಾದ ಕಡೆ ನೆಡುವುದು, ಕಳೆ ತೆಗೆಯುವುದು ನಡೆಯುತ್ತವೆ. ಈ ಕಡೆಯ ಕೆಲಸವು ಬಹುಮಟ್ಟಿಗೆ ಹೆಂಗಸರ ಕೈಯಿಂದಲೇ ಆಗತಕ್ಕದ್ದಾಗಿದೆ. ಆಶ್ಲೇಷ ಮಘೆಗಳಲ್ಲಿ ಪೈರು ತೆಂಡೆಯೊಡೆದು, ಉತ್ತರೆ ಹಸ್ತೆಗಳಲ್ಲಿ ತೆನೆ ಹೊರಬಂದು, ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ಲಿಗೆ ಬರುವುದು. ಕೊಯ್ದ ಪೈರನ್ನು ಮೆದೆಯೊಟ್ಟಿ, ಬಿಡುವಾದಾಗ ಕಣದಲ್ಲಿ ಒಕ್ಕಣೆ ಮಾಡಿ, ತೂರಿ, ಕಾಳನ್ನು ಮನೆಗೆ ತುಂಬುವ ಹೊತ್ತಿಗೆ ಸಂಕ್ರಾಂತಿಯು ಸಮೀಪಿಸಿರುತ್ತದೆ.

ಈ ವಿವರವನ್ನು ಬಲ್ಲವರಿಗೇ ಮತ್ತೆ ಹೇಳುವುದಕ್ಕೆ ಕಾರಣವುಂಟು. ಉಳುಮೆ, ಗೊಬ್ಬರ, ಬೀಜ, ಬಿತ್ತನೆ, ಕಳೆ ಎಂಬ ವೆಚ್ಚಗಳ ಪೈಕಿ ಬಹುಭಾಗವು ಮಘಾ ಮಳೆ ಮುಗಿಯುವುದಕ್ಕೆ ಮುಂಚೆಯೇ ಆಗಿಹೋಗಿರುತ್ತದೆ. ಬೆಳೆಯು ಬರುವುದೋ ಇಲ್ಲವೋ ಎಂಬುದು ಮಾತ್ರ ಅದಾದ ಮೇಲೆ ಬೀಳುವ ನಾಲ್ಕಾರು ಮಳೆಗಳನ್ನು ಅವಲಂಬಿಸಿರುವುದು. ಬೇರೆ ಕಸುಬಿನವನು ಒಂದು ತಿಂಗಳು ಕೆಲಸ ಕೆಟ್ಟರೆ ಮುಂದಿನ ತಿಂಗಳು ಸರಿಪಡಿಸಿಕೊಳ್ಳಬಹುದು. ಅಂಗಡಿಯವನು ಮಾರದೆ ಉಳಿದ ಸರಕನ್ನು ನಾಳೆ ಮಾರಬಹುದು. ಬೇಸಾಯಗಾರನಿಗೆ ತಪ್ಪಿದ ಹಂಗಾಮು ತಪ್ಪಿದಂತೆಯೇ ಸರಿ. ಅವನ ಮಿಕ್ಕ ಕಷ್ಟಗಳೆಲ್ಲಾ ಈ ಒಂದು ಸಂಗತಿಯಿಂದಲೇ ಹೆಚ್ಚುತ್ತವೆ.

ಸಮಾಜಕ್ಕೆ ಆಗುವ ಉಪಕಾರ.— ರಾಗಿಯ ಹೊಲದಿಂದ ಬರುವುದು ಕಾಳು ಮಾತ್ರವಲ್ಲ. ಮೊದಲನೆಯದಾಗಿ ಆಹಾರದ ಗುಣವನ್ನು ನೋಡೋಣ. ನೂರು ಗ್ರಾಂ ರಾಗಿಯಲ್ಲಿ ಎಲುಬಿಗೆ ಬಲ ಕೊಡುವ ಸುಣ್ಣದ ಅಂಶವು ಮುನ್ನೂರು ಮಿಲಿಗ್ರಾಂಗಿಂತಲೂ ಹೆಚ್ಚಾಗಿರುವುದು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇದೇ ಅಂಶವು ಹತ್ತು ಮಿಲಿಗ್ರಾಂ ಸುಮಾರಿನಲ್ಲಿದೆ. ಹಾಲು ಬಿಡಿಸಿದ ಕೂಸಿನ ಮಣ್ಣಿಗೂ ದುಡಿಯುವವನ ಮುದ್ದೆಗೂ ರಾಗಿಯೇ ಒದಗಿಬಂದಿರುವುದು ಸುಮ್ಮನೆ ಅಲ್ಲ. ಎರಡನೆಯದಾಗಿ ರಾಗಿಯ ಹುಲ್ಲು. ಈ ಸೀಮೆಗಳ ಹಸು ಎಮ್ಮೆಗಳಿಗೆ ಬೇಸಗೆಯಲ್ಲಿ ಮುಖ್ಯವಾದ ಒಣಮೇವು ಇದೇ ಆಗಿರುವುದರಿಂದ, ಪಟ್ಟಣದ ಮನೆಬಾಗಿಲಿಗೆ ಮುಂಜಾನೆ ಬರುವ ಹಾಲಿನಲ್ಲಿಯೂ ರಾಗಿಯ ಹೊಲದ ಪಾಲು ಇದ್ದೇ ಇದೆ. ಮೂರನೆಯದು ಬಹುಕಾಲ ಕೆಡದೆ ಉಳಿಯುವ ಗುಣ. ಚೆನ್ನಾಗಿ ಒಣಗಿದ ರಾಗಿಗೆ ಹುಳುವಿನ ಬಾಧೆ ಬಹಳ ಕಡಿಮೆ. ಹಿಂದಿನವರು ಗಟ್ಟಿ ನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ತೆಗೆಯುವಾಗ ಬಾಯಿಯನ್ನು ತೆರೆದು ಒಳಗಿನ ಕೆಟ್ಟ ಗಾಳಿಯು ಹೋದ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಊರಿಗೊಂದು ಹಗೇವಿನ ಸಾಲೆಂದರೆ ಅದು ಆ ಊರಿನ ಬರಗಾಲದ ನಿಧಿಯಾಗಿತ್ತು.

ನಿಧಿಯು ಬರಿದಾದರೆ ಏನಾಗುವುದೆಂಬುದನ್ನು ಮೈಸೂರು ಸಂಸ್ಥಾನದ ಚರಿತ್ರೆಯು ತಿಳಿಸುತ್ತದೆ. ೧೮೭೫ರಲ್ಲಿ ಮಳೆ ಕಡಿಮೆಯಾಗಿ ೧೮೭೬ರಲ್ಲಿ ಮತ್ತೆ ತಪ್ಪಿದುದರಿಂದ ೧೮೭೮ರ ವರೆಗೂ ಘೋರವಾದ ಕ್ಷಾಮವು ನಡೆಯಿತು. ೧೮೭೧ನೆಯ ಜನಗಣತಿಯಲ್ಲಿ ೫೦ ಲಕ್ಷ ೫೫ ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ನೆಯ ಗಣತಿಯಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನವು ಹೆಚ್ಚದುದು ಹಾಗಿರಲಿ, ಇದ್ದವರಲ್ಲಿಯೇ ಸುಮಾರು ೮ ಲಕ್ಷ ೭೦ ಸಾವಿರ ಮಂದಿ ಕಡಿಮೆಯಾದರು. ಬೇಸಾಯಗಾರನ ಕಣವು ಎರಡು ವರ್ಷ ಬರಿದಾದುದರಿಂದ ನೇಕಾರ, ಕಮ್ಮಾರ, ಕೂಲಿಯವನು, ವರ್ತಕ ಇವರೆಲ್ಲರ ಬಾಳೂ ಕೆಟ್ಟಿತೆಂಬುದನ್ನು ನೋಡಿದರೆ ಅವನ ಬೆಲೆಯು ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇನ್ನೊಂದು ಉಪಕಾರವು ಕಣ್ಣಿಗೆ ಬೀಳದೆ ನಡೆಯತಕ್ಕದ್ದು. ಆಫ್ರಿಕಾ ಖಂಡದಲ್ಲಿ ಹುಟ್ಟಿದ ರಾಗಿಯು ಇಲ್ಲಿಗೆ ಬಂದು ಇಲ್ಲಿಯ ಮಣ್ಣಿಗೂ ಮಳೆಗೂ ಒಗ್ಗಿದ ನೂರಾರು ತಳಿಗಳಾದುದು, ತಲೆಮಾರುಗಳ ಕಾಲ ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆ ಕಟ್ಟಿಟ್ಟ ಗಂಡಸರು ಹೆಂಗಸರ ಜಾಣತನದಿಂದ. ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ದುಡಿದು ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ಭಾರತದ ತಳಿಗಳನ್ನೂ ಆಫ್ರಿಕಾದ ತಳಿಗಳನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದರು. ರಾಗಿಯ ಹೂವು ಅತಿ ಚಿಕ್ಕದಾಗಿ ತನ್ನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದಾದುದರಿಂದ ಈ ಕೆಲಸವು ಬಹಳ ತಾಳ್ಮೆಯದು. ಅಂತಹ ಪ್ರಯತ್ನಕ್ಕೂ ಮೂಲಧನವಾದುದು ರೈತನು ಉಳಿಸಿಕೊಟ್ಟ ಬೀಜವೇ.

ಮಳೆಯ ಹೊಣೆ.— ಇಷ್ಟು ಉಪಕಾರ ಮಾಡುವವನ ಭಾರವು ಎಂತಹದೆಂಬುದನ್ನು ಇನ್ನು ನೋಡೋಣ. ದೂರದ ಕ್ಷಾಮವನ್ನು ಬಿಟ್ಟು ಹತ್ತಿರದ ವರ್ಷವನ್ನೇ ತೆಗೆದುಕೊಳ್ಳಬಹುದು. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಪಟ್ಟಣಗಳಲ್ಲಿ ಮೇಳಗಳು ನಡೆದುವು. ರಾಗಿಯ ಗುಣವನ್ನು ಎಲ್ಲರೂ ಕೊಂಡಾಡಿದರು. ಅದೇ ವರ್ಷದ ಆಗಸ್ಟ್ ತಿಂಗಳು, ೧೯೦೧ರಿಂದ ಈಚೆಗೆ ದೇಶವು ಕಂಡ ಆಗಸ್ಟ್ ತಿಂಗಳುಗಳಲ್ಲೆಲ್ಲಾ ಅತ್ಯಂತ ಒಣಗಿದುದಾಗಿ ಹೋಯಿತು. ರಾಗಿಯು ತೆಂಡೆಯೊಡೆಯಬೇಕಾದ ಕಾಲವೇ ಅದು. ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಬೇಕಾಯಿತು. ರಾಗಿಯು ಬರವನ್ನು ತಾಳುವ ಬೆಳೆಯೆಂಬುದು ನಿಜ. ಆದರೆ ತಾಳುವುದಕ್ಕೂ ಒಂದು ಮಿತಿಯುಂಟು. ಬೆಳೆಯ ವಿಷಯದಲ್ಲಿ ಈ ಮಿತಿಯನ್ನು ಒಪ್ಪುವ ನಾವು ಬೆಳೆಯುವವನ ವಿಷಯದಲ್ಲಿ ಅದನ್ನು ಮರೆಯುತ್ತೇವೆ.

ಮಳೆಯ ನಷ್ಟವನ್ನು ಬೇಸಾಯಗಾರನೊಬ್ಬನೇ ಹೊರಬೇಕೇ ಎಂಬ ಪ್ರಶ್ನೆಯನ್ನು ಬಹಳ ಹಿಂದೆ ಎತ್ತಿದವರು ಮೈಸೂರು ಸಂಸ್ಥಾನದಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು ಎಂಬುದು ನಮಗೆ ಹೆಮ್ಮೆಯ ವಿಷಯವಾಗಿದೆ. ಇವರು ೧೯೧೫ರ ಸುಮಾರಿನಲ್ಲಿ ಲೇಖನಗಳ ಮೂಲಕವೂ, ೧೯೨೦ರಲ್ಲಿ ಒಂದು ಗ್ರಂಥದ ಮೂಲಕವೂ ಬೇಸಾಯಕ್ಕೆ ವಿಮೆಯ ಏರ್ಪಾಡನ್ನು ಸೂಚಿಸಿದರು. ಒಬ್ಬೊಬ್ಬನ ಹೊಲವನ್ನೂ ನೋಡಿ ನಷ್ಟವನ್ನು ಅಳೆಯುವುದು ಕಷ್ಟವಾದುದರಿಂದ ಒಂದು ಪ್ರದೇಶದಲ್ಲಿ ಬಿದ್ದ ಮಳೆಯನ್ನು ಅಳೆದು, ಅದು ಗೊತ್ತಾದ ಪ್ರಮಾಣಕ್ಕಿಂತ ಕಡಿಮೆಯಾದರೆ ಅಲ್ಲಿಯ ವಿಮೆದಾರರಿಗೆ ಹಣ ಸಲ್ಲಬೇಕೆಂಬುದು ಅವರ ಸೂಚನೆಯ ತಿರುಳು. ಆ ಕಾಲಕ್ಕೆ ಅದು ಕೈಗೂಡಲಿಲ್ಲ. ಸ್ವಾತಂತ್ರ್ಯಾನಂತರ ೧೯೮೫ರಲ್ಲಿ ಸಮಗ್ರ ಬೆಳೆ ವಿಮಾ ಯೋಜನೆಯೂ, ೧೯೯೯ರಲ್ಲಿ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯೂ, ೨೦೧೬ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೂ ಜಾರಿಗೆ ಬಂದುವು.

ಈ ೨೦೧೬ರ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತನು ಕೊಡಬೇಕಾದ ಕಂತು ವಿಮೆಯ ಮೊತ್ತಕ್ಕೆ ನೂರಕ್ಕೆ ೨ಕ್ಕೆ ಮೀರುವಂತಿಲ್ಲ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತೆರುತ್ತವೆ. ಎಂದರೆ ಸಮಾಜವು ತೆರಿಗೆಯ ಮೂಲಕ ಮಳೆಯ ಹೊಣೆಯಲ್ಲಿ ಪಾಲುಗೊಳ್ಳುತ್ತದೆ. ಇದು ಬೇಸಾಯಗಾರನಿಗೆ ಮಾಡುವ ದಾನವಲ್ಲ, ಅವನಿಗೆ ಸಲ್ಲತಕ್ಕ ಬಾಕಿಯೆಂದು ತಿಳಿಯಬೇಕು. ಆದರೆ ಏರ್ಪಾಡಿನಲ್ಲಿ ಕೊರತೆಯಿಲ್ಲವೆಂದು ಹೇಳುವಂತಿಲ್ಲ. ಬರದ ನಷ್ಟವನ್ನು ಇಡೀ ಪ್ರದೇಶದ ಸರಾಸರಿ ಇಳುವರಿಯಿಂದ ಅಳೆಯುವುದರಿಂದ, ನೆರೆಹೊರೆಯವರಿಗೆ ಬೆಳೆ ಬಂದು ತನ್ನೊಬ್ಬನ ಹೊಲವೇ ಒಣಗಿದವನಿಗೆ ಏನೂ ದೊರೆಯದೆ ಹೋಗಬಹುದು. ಹಣವು ತಡವಾಗಿ ಬಂದರೆ ಮುಂದಿನ ಬಿತ್ತನೆಗೆ ಒದಗದೆ ಸಾಲಗಾರನ ಕೈ ಸೇರುವುದು. ಅಳತೆಯು ಸಣ್ಣ ಪ್ರದೇಶಕ್ಕೆ ಇಳಿದಷ್ಟೂ, ಹಣವು ಬೇಗ ಬಂದಷ್ಟೂ ವಿಮೆಯು ನಿಜವಾದ ಆಸರೆಯಾಗುವುದು.

ಭೂಮಿ, ಸಾಲ, ಧಾರಣೆ.— ಮಳೆಯ ಹೊಡೆತವನ್ನು ತಡೆಯುವ ಶಕ್ತಿಯು ಹಿಡುವಳಿಯ ವಿಸ್ತಾರವನ್ನೂ ಕೈಯಲ್ಲಿರುವ ಹಣವನ್ನೂ ಅವಲಂಬಿಸಿದೆ. ೧೯೭೪ರ ಭೂಸುಧಾರಣೆಯ ಕಾನೂನಿನಿಂದ ಕರ್ನಾಟಕದಲ್ಲಿ ಲಕ್ಷಾಂತರ ಗೇಣಿದಾರರು ತಾವು ಉತ್ತ ನೆಲಕ್ಕೆ ಒಡೆಯರಾದರು. ಆದರೆ ಮಕ್ಕಳಿಗೆ ಭಾಗವಾಗುತ್ತಾ ಬಂದು ಹಿಡುವಳಿಗಳು ಕಿರಿದಾಗಿವೆ. ದೇಶದಲ್ಲಿ ೧೯೭೦–೭೧ರಲ್ಲಿ ೨.೨೮ ಹೆಕ್ಟೇರು, ಎಂದರೆ ೫ ಎಕರೆ ೨೫ ಗುಂಟೆಯಷ್ಟಿದ್ದ ಸರಾಸರಿ ಹಿಡುವಳಿಯು ೨೦೧೫–೧೬ರ ಕೃಷಿ ಗಣತಿಯಲ್ಲಿ ೧.೦೮ ಹೆಕ್ಟೇರು, ಎಂದರೆ ೨ ಎಕರೆ ೨೭ ಗುಂಟೆಗೆ ಇಳಿದಿತ್ತು. ಇಷ್ಟರಲ್ಲಿ ಒಂದು ಸಂಸಾರವು ಊಟ, ಬಟ್ಟೆ, ಮಕ್ಕಳ ಓದು, ಔಷಧಿ ಎಲ್ಲವನ್ನೂ ತೂಗಿಸಬೇಕು. ೨೦೧೯ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಬೇಸಾಯದ ಕುಟುಂಬವೊಂದರ ತಿಂಗಳ ಸರಾಸರಿ ಆದಾಯವು ರೂ. ೧೦,೨೧೮. ಅದರಲ್ಲಿ ಬೆಳೆಯಿಂದ ಬಂದುದು ರೂ. ೩,೭೯೮ ಆಗಿದ್ದರೆ ಕೂಲಿ ಸಂಬಳಗಳಿಂದ ಬಂದುದು ರೂ. ೪,೦೬೩ ಆಗಿತ್ತು. ಬೇಸಾಯಗಾರನೆಂಬ ಹೆಸರಿದ್ದರೂ ಬೇಸಾಯಕ್ಕಿಂತ ಕೂಲಿಯಿಂದಲೇ ಹೆಚ್ಚು ಬದುಕುತ್ತಿರುವನೆಂದು ಈ ಅಂಕಿಗಳ ಅರ್ಥ. ಅಂತಹ ಕುಟುಂಬಗಳಲ್ಲಿ ನೂರಕ್ಕೆ ೫೦ಕ್ಕಿಂತ ತುಸು ಹೆಚ್ಚು ಸಾಲದಲ್ಲಿದ್ದುವೆಂದೂ ಅದೇ ಸಮೀಕ್ಷೆಯಿಂದ ತಿಳಿದುಬರುತ್ತದೆ.

ಸಾಲವುಳ್ಳವನಿಗೆ ಧಾರಣೆಯೂ ಅನುಕೂಲವಾಗುವುದಿಲ್ಲ. ರಾಗಿಯು ಕಾಯಬಲ್ಲುದು, ರಾಗಿಯವನು ಕಾಯಲಾರನು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಬರುವುದರಿಂದ ಬೆಲೆ ಇಳಿಯುವುದೂ, ಮುಂದೆ ಕೊಳ್ಳುವವರ ಕಾಲಕ್ಕೆ ಏರುವುದೂ ಎಲ್ಲರಿಗೂ ತಿಳಿದ ಸಂಗತಿಯೇ. ಇದನ್ನು ತಡೆಯಲು ಕೇಂದ್ರ ಸರ್ಕಾರವು ಬೆಂಬಲ ಬೆಲೆಯನ್ನು ಗೊತ್ತುಮಾಡುತ್ತಿದ್ದು, ೨೦೨೫–೨೬ನೆಯ ಸಾಲಿಗೆ ರಾಗಿಗೆ ಕ್ವಿಂಟಲಿಗೆ ರೂ. ೪,೮೮೬ ಎಂದು ನಿಗದಿಯಾಯಿತು. ಬೆಲೆಯನ್ನು ಸಾರುವುದರಷ್ಟೇ ಕೊಳ್ಳುವ ಕೇಂದ್ರವು ಹೊತ್ತಿಗೆ ಸರಿಯಾಗಿ ತೆರೆಯುವುದೂ ಮುಖ್ಯವಾದುದು. ಒಕ್ಕಣೆಯಾಗಿ ತಿಂಗಳು ಕಳೆದ ಮೇಲೆ ಬರುವ ಬೆಲೆಯು ಸಾಹುಕಾರನಿಗೆ ಮಾರಿಬಿಟ್ಟವನಿಗೆ ಏನು ಪ್ರಯೋಜನ?

ಈ ಕಷ್ಟಕ್ಕೆ ಹಿರಿಯರು ಕಂಡುಕೊಂಡ ಮದ್ದು ಸಹಕಾರ. ೧೯೦೪ರ ಸಹಕಾರ ಕಾನೂನು ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ವ್ಯವಸಾಯ ಸಹಕಾರ ಸಂಘವು ಸ್ಥಾಪಿತವಾಯಿತು. ದೇಶದಲ್ಲಿಯೇ ಇದು ಮೊದಲನೆಯದು. ಒಬ್ಬೊಬ್ಬನಾಗಿ ಸಾಹುಕಾರನ ಎದುರು ನಿಲ್ಲಲಾರದವರು ಹತ್ತು ಜನ ಕೂಡಿದರೆ ನಿಲ್ಲಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು. ಊರಿನ ಸಂಘವು ಸಾಲ ಹಂಚುವುದರಲ್ಲಿಯೇ ನಿಲ್ಲದೆ ಒಂದು ಉಗ್ರಾಣವನ್ನೂ ಕಟ್ಟಿಸಿ, ಸದಸ್ಯರ ರಾಗಿಯನ್ನು ಇಟ್ಟುಕೊಂಡು ಅದರ ಮೇಲೆ ಮುಂಗಡ ಕೊಟ್ಟರೆ, ಹಳೆಯ ಹಗೇವು ಹೊಸ ರೂಪದಲ್ಲಿ ಮರಳಿ ಬಂದಂತಾಗುವುದು.

ದುಡಿಯುವ ಕೈಗಳು.— ೨೦೧೧ರ ಜನಗಣತಿಯಲ್ಲಿ ದೇಶದ ಬೇಸಾಯಗಾರರ ಸಂಖ್ಯೆಯು ಸುಮಾರು ೧೧ ಕೋಟಿ ೮೮ ಲಕ್ಷವೂ, ಬೇಸಾಯದ ಕೂಲಿಗಳ ಸಂಖ್ಯೆಯು ೧೪ ಕೋಟಿ ೪೩ ಲಕ್ಷವೂ ಆಗಿದ್ದಿತು. ಹತ್ತು ವರ್ಷ ಹಿಂದೆ ಬೇಸಾಯಗಾರರೇ ಹೆಚ್ಚಾಗಿದ್ದರು. ಆದುದರಿಂದ ರೈತನೆಂದಾಗ ಪಹಣಿಯಲ್ಲಿ ಹೆಸರಿರುವವನನ್ನು ಮಾತ್ರ ನೆನೆದರೆ ಸಾಲದು. ಪರರ ಹೊಲದಲ್ಲಿ ಕಳೆ ಕಿತ್ತು ಕೊಯ್ಲು ಮಾಡುವವರನ್ನೂ ನೆನೆಯಬೇಕು. ಹೆಂಗಸರ ಸ್ಥಿತಿಯಂತೂ ವಿಚಾರಾರ್ಹವಾದುದು. ರಾಗಿಯ ಕೆಲಸದಲ್ಲಿ ಅವರ ಪಾಲು ಹಿರಿದಾಗಿದ್ದರೂ, ೨೦೧೫–೧೬ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು ೧೪ ಮಾತ್ರ. ಹೆಸರಿನಲ್ಲಿ ನೆಲವಿಲ್ಲದುದರಿಂದ ಸಾಲ, ವಿಮೆ, ಪರಿಹಾರಗಳೂ ಅವರಿಗೆ ಸುಲಭವಾಗಿ ದೊರೆಯುವುದಿಲ್ಲ. ಗಂಡನು ಪಟ್ಟಣಕ್ಕೆ ದುಡಿಯಲು ಹೋಗಿ ಹೆಂಡತಿಯೇ ಬೇಸಾಯ ನಡೆಸುವ ಮನೆಗಳಲ್ಲಿ ಇದರಿಂದ ಆಗುವ ತೊಂದರೆಯು ಹೇಳತೀರದು. ಪಹಣಿಯಲ್ಲಿ ಜಂಟಿಯಾಗಿ ಹೆಸರು ಸೇರಿಸುವ ವಿಷಯವನ್ನು ಪ್ರತಿಯೊಂದು ಕುಟುಂಬವೂ ಆಲೋಚಿಸಬೇಕು.

ಬೇಸಾಯಗಾರರು ಗಮನಿಸತಕ್ಕ ಅಂಶಗಳು.— ಸಮಾಜದ ಹೊಣೆಯನ್ನು ಹೇಳುವಾಗ ಸ್ವಪ್ರಯತ್ನವನ್ನು ಬಿಡತಕ್ಕದ್ದಲ್ಲ. ಮಳೆಯನ್ನು ತರಲು ನಮ್ಮಿಂದಾಗದು. ಬಿದ್ದ ಮಳೆಯನ್ನು ಉಳಿಸಿಕೊಳ್ಳುವುದೂ, ಹಿಂದುಮುಂದಾದ ಮಳೆಗೆ ತಕ್ಕ ಬೀಜವನ್ನು ಆರಿಸುವುದೂ ನಮ್ಮ ಕೈಯಲ್ಲಿವೆ.

೧. ಬಿತ್ತನೆಯ ಕಾಲಕ್ಕೆ ತಕ್ಕ ತಳಿ. ಜುಲೈ ತಿಂಗಳಲ್ಲಿ ಹದ ಸಿಕ್ಕಿದರೆ ೧೨೦ ದಿನಗಳಷ್ಟು ಕಾಲ ತೆಗೆದುಕೊಳ್ಳುವ ಎಂಆರ್–೧ ರಂತಹ ತಳಿಗಳನ್ನು ಬಿತ್ತಬಹುದು. ಸ್ವಲ್ಪ ತಡವಾದರೆ ೧೧೦ರಿಂದ ೧೧೫ ದಿನಗಳ, ಬೆಂಕಿರೋಗವನ್ನು ತಡೆಯುವ ಜಿಪಿಯು–೨೮ ಮೇಲು. ಆಗಸ್ಟ್ ತಿಂಗಳು ಮುಂದುವರಿದ ಮೇಲೆ ನೂರು ದಿನಗಳೊಳಗೆ ಬರುವ ಇಂಡಾಫ್–೯, ಜಿಪಿಯು–೪೮ ಮುಂತಾದವೇ ಸರಿ. ತಮ್ಮ ನೆಲಕ್ಕೆ ಒಪ್ಪುವುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕು.

೨. ನೀರಿನ ರಕ್ಷಣೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದುಗಳನ್ನು ಕಾಲಕಾಲಕ್ಕೆ ಸರಿಪಡಿಸುವುದು, ಅನುಕೂಲವಿದ್ದಲ್ಲಿ ಕೃಷಿ ಹೊಂಡವನ್ನು ತೋಡುವುದು ಇವು ಅವಶ್ಯಕ. ತೆನೆ ಬರುವಾಗ ಹೊಂಡದಿಂದ ಕೊಡುವ ಒಂದೇ ನೀರು ಕೈಬಿಟ್ಟುಹೋಗುವ ಬೆಳೆಯನ್ನು ಉಳಿಸಬಲ್ಲುದು.

೩. ಅಕ್ಕಡಿಯನ್ನು ಬಿಡಬಾರದು. ರಾಗಿಯು ಸೋತ ವರ್ಷದಲ್ಲಿಯೂ ಹಿಂಗಾರಿನ ಮಳೆಗೆ ಅವರೆ ತೊಗರಿಗಳು ಚೇತರಿಸಿಕೊಂಡು ಮನೆಗೆ ಬೇಳೆಯನ್ನೂ ನೆಲಕ್ಕೆ ಸಾರವನ್ನೂ ಕೊಡುವುವು.

೪. ವಿಮೆಯ ಕ್ರಮ. ಕಡೆಯ ದಿನಾಂಕಕ್ಕೆ ಮುಂಚೆ ನೋಂದಾಯಿಸಿಕೊಂಡು ರಶೀದಿಯನ್ನು ಜೋಪಾನವಾಗಿಡಬೇಕು. ೨೦೨೦ರ ಮುಂಗಾರಿನಿಂದ ಸಾಲ ಪಡೆದವರಿಗೂ ವಿಮೆಯು ಕಡ್ಡಾಯವಲ್ಲವಾದುದರಿಂದ, ಬ್ಯಾಂಕಿನವರೇ ಮಾಡಿರುವರೆಂದು ನಂಬಿ ಸುಮ್ಮನಿರಬಾರದು. ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಆಲಿಕಲ್ಲಿನಂತಹ ಸ್ಥಳೀಯ ವಿಪತ್ತಿನಲ್ಲಿಯೂ, ಕೊಯ್ದು ಹೊಲದಲ್ಲಿ ಒಣಹಾಕಿದ ಪೈರು ಅಕಾಲ ಮಳೆಗೆ ಕೆಟ್ಟಾಗಲೂ ೭೨ ಗಂಟೆಗಳೊಳಗೆ ತಿಳಿಸತಕ್ಕದ್ದು.

ಮಿಕ್ಕವರ ಕರ್ತವ್ಯ.— ಪಟ್ಟಣವಾಸಿಗಳು ರಾಗಿಯನ್ನು ವಾರಕ್ಕೆ ನಾಲ್ಕು ದಿನವಾದರೂ ಉಂಡರೆ ಬೇಡಿಕೆ ಸ್ಥಿರವಾಗಿ ಧಾರಣೆಯೂ ನಿಲ್ಲುವುದು. ವಿದ್ಯಾರ್ಥಿನಿಲಯ, ಆಸ್ಪತ್ರೆ, ಕಾರ್ಖಾನೆಗಳ ಅಡಿಗೆಮನೆಗಳು ತಮಗೆ ವರ್ಷಕ್ಕೆ ಬೇಕಾದ ರಾಗಿಯನ್ನು ಹತ್ತಿರದ ಸಹಕಾರ ಸಂಘದಿಂದ ಸುಗ್ಗಿಯಲ್ಲಿಯೇ ಕೊಂಡರೆ ಇಬ್ಬರಿಗೂ ಲಾಭವುಂಟು. ಅಧಿಕಾರಿಗಳು ಮಳೆಯ ಲೆಕ್ಕ, ಬೆಳೆಯ ಲೆಕ್ಕಗಳನ್ನು ಬರೆಯುವಾಗ, ಒಂದು ಅಂಕಿ ತಪ್ಪಿದರೆ ಒಂದು ಊರಿನ ಪರಿಹಾರವು ತಪ್ಪಬಹುದೆಂಬುದನ್ನು ನೆನಪಿನಲ್ಲಿಡಬೇಕು. ಬೆಲೆ ಏರಿದಾಗ ರೈತನನ್ನು ದೂರುವವರು ಬೆಲೆ ಇಳಿದ ವರ್ಷದ ಲೆಕ್ಕವನ್ನೂ ಕೇಳಬೇಕು.

ಮೇಲೆ ಹೇಳಿದುದರ ಸಾರಾಂಶವಿಷ್ಟೆ: ಬೇಸಾಯಗಾರನು ಬೆಳೆದ ಅನ್ನದಲ್ಲಿ ಎಲ್ಲರಿಗೂ ಪಾಲಿರುವಾಗ ಅವನು ಹೊರುವ ನಷ್ಟದಲ್ಲಿಯೂ ಎಲ್ಲರಿಗೂ ಪಾಲಿರಬೇಕು. ವಿಮೆ, ಬೆಂಬಲ ಬೆಲೆ, ಸಹಕಾರ, ಸಂಶೋಧನೆ ಇವೆಲ್ಲವೂ ಆ ಪಾಲನ್ನು ಸಲ್ಲಿಸುವ ಮಾರ್ಗಗಳೇ. ಈ ಲೇಖನವನ್ನು ಓದಿದ ಉಪಾಧ್ಯಾಯರು, ಪಂಚಾಯ್ತಿಯ ಸದಸ್ಯರು, ಸಂಘದ ಕಾರ್ಯದರ್ಶಿಗಳು ಓದಲು ಬಾರದ ನೆರೆಯವರಿಗೆ, ವಿಶೇಷವಾಗಿ ವಿಮೆಯ ಕ್ರಮವನ್ನು, ಬಿತ್ತನೆಯ ಕಾಲಕ್ಕೆ ಮೊದಲೇ ತಿಳಿಯಹೇಳಬೇಕೆಂದು ಕೋರಲಾಗಿದೆ.